ಬಂದವರಿಗೆ ನೀರು

ಅವರ ಬಲ ಭುಜ ಎಡಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ನೈಟಿಯ ಮೇಲೆ ಹೊದ್ದ ಬೈರಾಸು ಆ ಕಡೆ ನಿಲ್ಲದೆ ಜಾರುತ್ತಿತ್ತು. ಮಾತಿನ ನಡುನಡುವೆ ಅದನ್ನು ಎಳೆದು ಸರಿ ಮಾಡಿಕೊಳ್ಳುತ್ತಿದ್ದರು. ಹಾಸಿಗೆ ಹಿಡಿದ ಗಂಡನನ್ನು ವರ್ಷಗಟ್ಟಲೆ ಅದೇ ಭುಜ ಕೊಟ್ಟು ಎಬ್ಬಿಸಿ ಕೂರಿಸಿದ್ದರಿಂದ ಹಾಗಾಗಿದೆ ಎಂದು ನನಗೆ ತಿಳಿದದ್ದು ಆಮೇಲೆ.

ನಾನು ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆ. ನಮ್ಮ ಕರಾವಳಿಯಲ್ಲಿ ಕ್ರಿಶ್ಚನ್ ಹೆಂಗಸರನ್ನು ಹಾಗೆ ಕರೆಯುವುದು ವಾಡಿಕೆ, ಗಂಡಸರು ಪೊರ್ಬುಗಳು. ಬಹ್ರೈನಿನ ಅರಾದಿನಲ್ಲಿ ಹಳೆಯ ಮನೆಯೊಂದನ್ನು ಮೂರು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಬಾಯಮ್ಮ ಮತ್ತು ಅವರ ಪೊರ್ಬುಗಳು. ಪಕ್ಕದ ಒಂಟಿ ಕೋಣೆಯಲ್ಲಿ ಏಸಿ ರಿಪೇರಿ ಮಾಡುವ ಮೂಡುಬಿದಿರೆಯವರೊಬ್ಬರು, ನಮಗೆಲ್ಲ ಅವರು ಏಸಿ ಅಣ್ಣ. ಮೇಲೆ ನಾವು. ಹಿಂದುಗಡೆ ಎತ್ತರದ ಗೋಡೆಯೊಳಗೆ ಒಂದು ತುಂಡು ಮಣ್ಣು, ಒಂದು ಬೋರೆ ಮರ, ಒಂದು ನಳ್ಳಿ. ಅಷ್ಟೂ ಮೂರು ಮನೆಯವರದ್ದು.

ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ನಾನು ಆ ಮಣ್ಣಿಗೂ ಇಳಿದವಳಲ್ಲ. ಟುಬ್ಲಿಯ ವರ್ಕ್‌ಶಾಪಿಗೆ ನನ್ನ ಗಂಡ ಬೆಳಕು ಹರಿಯುವ ಮೊದಲೇ ಕಾರು ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ನಾನು, ತೊಟ್ಟಿಲಲ್ಲಿ ಮಗಳು, ಏಸಿಯ ಗುರ್ರೆನ್ನುವ ಸದ್ದು. ಕಿಟಕಿ ತೆರೆದರೆ ಒಲೆಯ ಬಾಯಿ ತೆರೆದ ಹಾಗೆ ಬಿಸಿ ನುಗ್ಗುತ್ತಿತ್ತು. ವಿಮಾನ ನಿಲ್ದಾಣ ಹತ್ತಿರ. ಮನೆಯ ಮಾಡಿಗೇ ತಾಗುವ ಹಾಗೆ ವಿಮಾನಗಳು ಏರುತ್ತಿದ್ದವು. ಪ್ರತಿಯೊಂದೂ ಯಾರನ್ನೋ ಊರಿಗೆ ಕರೆದುಕೊಂಡು ಹೋಗುತ್ತಿದೆ ಎಂದು ಎಣಿಸುತ್ತ, ಅಳಲಿಕ್ಕೂ ಬೇಸರವಾಗಿ ಮಲಗಿರುತ್ತಿದ್ದೆ.

ಒಂದು ದಿನ ಬಾಗಿಲು ತಟ್ಟಿದ ಸದ್ದು. ತೆರೆದರೆ ಬಾಯಮ್ಮ. ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಅವರು ಡ್ಯೂಟಿ ಮುಗಿಸಿ ಬಂದಿದ್ದರು.

“ಒಗೆದ ಬಟ್ಟೆ ಹಾಕ್ಲಿಕ್ಕೂ ಕೆಳಗೆ ಬರುದಿಲ್ಲ ನೀನು. ಬದುಕಿದ್ದೀಯಾ ಅಂತ ನೋಡಿ ಹೋಗುವ ಅಂತ ಬಂದೆ.”

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಅವರು ನೇರ ತೊಟ್ಟಿಲ ಹತ್ತಿರ ಹೋದರು. ಮಗುವನ್ನು ಎತ್ತಿಕೊಂಡು, “ಬಾ ಮಗಾ, ಬಸಳೆ ನೆಡುವ” ಎಂದು ಮೆಟ್ಟಿಲಿಳಿದೇ ಬಿಟ್ಟರು. ಮಗು ಅವರ ಕೈಯಲ್ಲಿತ್ತು. ನಾನು ಹಿಂದೆ ಹೋಗಲೇಬೇಕಾಯಿತು.

ಹೀಗೆ ನಾನು ತೋಟದ ಪಾಲುಗಾರ್ತಿಯಾದೆ, ತೋಟದ ಜಗಳಕ್ಕೆ ಸಾಕ್ಷಿಯೂ ಆದೆ. ಬಾಯಮ್ಮ ಬೋರೆ ಮರದ ಬುಡದಲ್ಲಿ ಹಳೆಯ ಅಲ್ಯುಮಿನಿಯಮ್ ತಟ್ಟೆಯಲ್ಲಿ ನೀರಿಡುತ್ತಿದ್ದರು, ಕಲ್ಲಿನ ಮೇಲೆ ಅನ್ನ, ಒಡೆದ ಗೋಧಿ ಹಾಕುತ್ತಿದ್ದರು. ಬಿಳಿಕೆನ್ನೆಯ ಪಿಕಳಾರಗಳು, ಗುಬ್ಬಚ್ಚಿಗಳು, ಬೀದಿಯ ಬೆಕ್ಕುಗಳು, ಗೋಡೆಯ ಬುಡದ ಬಿರುಕಿನಿಂದ ಒಂದು ಮುಂಗುಸಿ, ಎಲ್ಲವೂ ಬರುತ್ತಿದ್ದವು. ಏಸಿ ಅಣ್ಣನಿಗೆ ಇದನ್ನು ಕಂಡರಾಗದು. ಚಳಿ ಶುರುವಾದ ಕೂಡಲೇ ಅವರು ಟೊಮೇಟೊ, ಮೆಣಸು, ಹೀರೆ ಹಾಕುತ್ತಿದ್ದರು. ಹಣ್ಣು ಕೆಂಪಾಗುವ ಮೊದಲೇ ಪಿಕಳಾರ ಕುಕ್ಕುತ್ತಿತ್ತು. ಕೊತ್ತಂಬರಿ ಪಾತಿಯನ್ನು ಬೆಕ್ಕು ಕೆರೆದು ಹಾಕುತ್ತಿತ್ತು.

“ವಾರವಿಡೀ ಕಂಡವರ ಟೆರೇಸಿನಲ್ಲಿ ಸುಟ್ಟುಹೋಗ್ತೇನೆ ಬಾಯಮ್ಮ,” ಎಂದರು ಒಂದು ಶುಕ್ರವಾರ, ತೂತು ಬಿದ್ದ ಟೊಮೇಟೊವನ್ನು ಅಂಗೈಯಲ್ಲಿಟ್ಟು. “ಹೆಂಡತಿ ಮಕ್ಕಳು ಊರಲ್ಲಿ. ನನ್ನದು ಅಂತ ಇಲ್ಲಿ ಇರುದು ಇದೊಂದೇ ಗಿಡ. ಇದನ್ನೂ ಹಕ್ಕಿಗೆ ಕೊಡ್ಬೇಕಾ?”

“ಎಲ್ಲ ಕೊಡ್ಬೇಡಿ. ಆದ್ರೆ ಇಲ್ಲಿ ಮನೆಯವರು ಅಂತ ಯಾರಿದ್ದಾರೆ? ನೀವು ಬಂದವರು, ನಾನು ಬಂದವಳು, ಅದೂ ಬಂದದ್ದು. ಬಂದವರಿಗೆ ಮೊದ್ಲು ನೀರು, ಮತ್ತೆ ಮಾತು.”

“ನೀರು ಕೊಟ್ರೆ ಸೊಳ್ಳೆ ಬರ್ತದೆ, ಕಾಳು ಹಾಕಿದ್ರೆ ಇಲಿ ಬರ್ತದೆ.”

ಅದು ಸುಳ್ಳಾಗಿರಲಿಲ್ಲ. ಇಲಿ ನಮ್ಮ ಅಡುಗೆಮನೆಗೂ ಬಂದಿತ್ತು. ಯಾರ ಪರ ವಹಿಸುವುದೆಂದು ತಿಳಿಯದೆ ನಾನು ನನ್ನ ಬಸಳೆ ಚಪ್ಪರವನ್ನೇ ನೋಡುತ್ತ ನಿಂತೆ.

ಬಾಯಮ್ಮನ ಹಟಕ್ಕೆ ಕಾರಣ ಅವರ ಕೋಣೆಯೊಳಗೆ ಹೋದಾಗ ಕಂಡಿತು. ಪೊರ್ಬುಗಳ ಮಂಚ ಕಿಟಕಿಗೆ ತಾಗಿತ್ತು. ಸ್ಟ್ರೋಕ್ ಆದ ಮೇಲೆ ಅವರಿಗೆ ಮಾತಿಲ್ಲ, ಒಂದು ಮಗ್ಗುಲಿನಲ್ಲಿ ಶಕ್ತಿಯಿಲ್ಲ. ವಿಮಾನ ಪ್ರಯಾಣ ತಡೆಯಲಾರರು ಎಂದು ಡಾಕ್ಟರು ಹೇಳಿದ್ದರಿಂದ ಊರಿನ ದಾರಿಯೂ ಇಲ್ಲ. ಚುರುಕಾಗಿದ್ದದ್ದು ಕಣ್ಣು ಮಾತ್ರ, ಅದು ಬೋರೆ ಮರದಲ್ಲಿ ಕೊಂಬೆಯಿಂದ ಕೊಂಬೆಗೆ ಹಕ್ಕಿಯ ಹಿಂದೆ ಹೋಗುತ್ತಿತ್ತು. “ಗೋಡೆ ನೋಡ್ಕೊಂಡು ಎಷ್ಟು ದಿನ ಇರ್ತಾರೆ ಮನುಷ್ಯ?” ಎಂದರು ಬಾಯಮ್ಮ. ಏಸಿ ಅಣ್ಣನಿಗೆ ಇದನ್ನು ಹೇಳಬಾರದೇ ಎಂದರೆ, “ರೋಗಿಯನ್ನು ತೋರಿಸಿ ಜಗಳ ಗೆಲ್ಲುದಾ? ಚೆ!” ಎಂದುಬಿಟ್ಟರು.

ಒಂದು ಬೆಳಿಗ್ಗೆ ಮರದ ಬುಡದಿಂದ ಕಿರುಚಾಟ ಕೇಳಿ ಓಡಿದೆವು. ಇಲಿ ಹಿಡಿಯಲೆಂದು ಏಸಿ ಅಣ್ಣ ಅಂಟು ಬಳಿದ ರಟ್ಟೊಂದನ್ನು ಇಟ್ಟಿದ್ದರು. ಅದರಲ್ಲಿ ಪಿಕಳಾರ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ರೆಕ್ಕೆ ಇನ್ನಷ್ಟು ಅಂಟುತ್ತಿತ್ತು. ಬಾಯಮ್ಮ ನೆಲಕ್ಕೆ ಕೂತು ಅದರ ತಲೆಗೆ ಬೈರಾಸು ಮುಚ್ಚಿ, ತೆಂಗಿನೆಣ್ಣೆಯನ್ನು ಬೆರಳಲ್ಲಿ ಅದ್ದಿ ಅದ್ದಿ ಒಂದೊಂದೇ ಗರಿ ಬಿಡಿಸಿದರು. ಕ್ಲಿನಿಕ್ಕಿಗೆ ಹೊತ್ತಾಯಿತೆಂದು ಫೋನು ಬಡಿದುಕೊಳ್ಳುತ್ತಲೇ ಇತ್ತು. ಏಸಿ ಅಣ್ಣ ಟೂಲ್ ಬ್ಯಾಗು ಹೆಗಲಿಗೇರಿಸಿ ಹೊರಟವರು ಅಲ್ಲೇ ನಿಂತುಬಿಟ್ಟಿದ್ದರು. ಹಕ್ಕಿ ಬಿಡುಗಡೆಯಾದರೂ ಅರ್ಧ ಬೋಳಾಗಿತ್ತು. ಬಾಯಮ್ಮ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪೊರ್ಬುಗಳ ಕೋಣೆಗೆ ಒಯ್ದರು. ಮರುದಿನ ಅದು ಸತ್ತಿತು. ಬಾಯಮ್ಮ, ನಾನು ಇಬ್ಬರೇ ಅದನ್ನು ಬಸಳೆಯ ಬುಡದಲ್ಲಿ ಹೂತೆವು.

ಸಂಜೆ ಏಸಿ ಅಣ್ಣ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು. “ಹಕ್ಕಿ?”

“ಹೋಯ್ತು,” ಎಂದರು ಬಾಯಮ್ಮ.

ಏಸಿ ಅಣ್ಣನ ಮುಖ ಅರಳಿತು. “ಅಬ್ಬ, ಹಾರಿ ಹೋಯ್ತಾ! ಇನ್ನು ಆ ಅಂಟು ಇಡುದಿಲ್ಲ, ದೇವರಾಣೆ.”

ಅವರು ಹೋದ ಮೇಲೆ ನಾನು ಬಾಯಮ್ಮನ ಮುಖ ನೋಡಿದೆ. “ನಾನು ಸುಳ್ಳು ಹೇಳಿದೆನಾ? ಹೋಯ್ತು ಅಂದೆ,” ಎಂದರು. “ಇಲ್ಲಿ ಅವನ ಮನಸ್ಸು ಹಗುರ ಮಾಡ್ಲಿಕ್ಕೆ ಬೇರೆ ಯಾರಿದ್ದಾರೆ ಮಗಾ?”

ಆಮೇಲಿನ ಬೇಸಿಗೆಯಲ್ಲಿ ಊರಿನಿಂದ ಫೋನು ಬಂತು. ಬಾಯಮ್ಮನ ತಾಯಿ ತೀರಿಕೊಂಡಿದ್ದರು. ಕ್ಲಿನಿಕ್ಕಿಗೆ ಹೋದಾಗ ಅರ್ಧ ದಿನ ಪೊರ್ಬುಗಳನ್ನು ಒಬ್ಬರೇ ಬಿಡಬಹುದಿತ್ತು. ಮೂರು ನಾಲ್ಕು ದಿನ ಬಿಡುವುದು ಹೇಗೆ? ಅವರು ಮಂಚದ ತುದಿಯಲ್ಲಿ ಕೂತು, “ಇಲ್ಲಿಂದಲೇ ಪ್ರಾರ್ಥನೆ ಮಾಡ್ತೇನೆ” ಎಂದರು. ಹೊಸ್ತಿಲಲ್ಲಿ ನಿಂತಿದ್ದ ಏಸಿ ಅಣ್ಣ ಒಮ್ಮೆಲೇ ಹೇಳಿದರು: “ನೀವು ಹೋಗಿ ಬನ್ನಿ. ಹಗಲು ಈ ತಂಗಿ ನೋಡ್ಲಿ, ಸಂಜೆ ಮೇಲೆ ನಾನುಂಟು.”

ಮಗ್ಗುಲು ಬದಲಿಸುವುದನ್ನು, ಗಂಜಿ ಕುಡಿಸುವುದನ್ನು ನಮಗೆ ಕಲಿಸಿಕೊಟ್ಟು ಬಾಯಮ್ಮ ಹೊರಟರು. ಮೊದಲ ದಿನ ಪೊರ್ಬುಗಳು ಬಾಯಿಯನ್ನೇ ತೆರೆಯಲಿಲ್ಲ. ಚಮಚ ತುಟಿಗೆ ತಾಗಿಸಿದರೆ ಮುಖ ಕಿಟಕಿಯ ಕಡೆ ತಿರುಗುತ್ತಿತ್ತು. ಹೆಂಡತಿಯನ್ನು ಹುಡುಕುತ್ತಿದ್ದಾರೆ ಎಂದೇ ನಾನು ತಿಳಿದೆ. ಸಂಜೆ ಏಸಿ ಅಣ್ಣ ಬೆವರು ಒರೆಸಿಕೊಳ್ಳುತ್ತ ಬಂದು, ಅವರ ಕಣ್ಣನ್ನೂ ಕಿಟಕಿಯ ಹೊರಗನ್ನೂ ನೋಡಿದರು. ತಟ್ಟೆ ಒಣಗಿತ್ತು, ಕಲ್ಲು ಖಾಲಿಯಿತ್ತು. ಆ ಗಡಿಬಿಡಿಯಲ್ಲಿ ನನಗೆ ನೆನಪೇ ಆಗಿರಲಿಲ್ಲ.

“ಓ, ಇದಕ್ಕಾ,” ಎಂದರು. “ಇದನ್ನು ಬಾಯಮ್ಮ ಒಂದು ದಿನವಾದ್ರೂ ಹೇಳ್ಳಿಲ್ಲವಲ್ಲ!” ಹೊರಗೆ ಹೋಗಿ ತಟ್ಟೆ ತುಂಬಿಸಿ, ತಮ್ಮ ಬುತ್ತಿಯಲ್ಲಿ ಉಳಿದ ಅನ್ನವನ್ನು ಕಲ್ಲಿನ ಮೇಲೆ ಹರಡಿದರು. ಕತ್ತಲಾಗುವ ಮೊದಲು ಗುಬ್ಬಚ್ಚಿಗಳು ಇಳಿದವು. ಪೊರ್ಬುಗಳು ಗಂಜಿ ಕುಡಿದರು.

ಬಾಯಮ್ಮ ತಾಯಿಯನ್ನು ಮಣ್ಣು ಮಾಡಿ ವಾಪಸು ಬಂದರು. ನಳ್ಳಿಯ ಹತ್ತಿರ ಕೂತು ನನಗೊಬ್ಬಳಿಗೇ ಹೇಳಿದರು: “ವಾಪಸು ಬರುವ ವಿಮಾನ ಹತ್ತುವಾಗ ಕಾಲು ಏಳ್ಳಿಲ್ಲ ಮಗಾ. ಎಲ್ರೂ ಹೋದ್ರು, ನಾನು ಕೂತೇ ಇದ್ದೆ. ಇನ್ನು ಆ ಕೋಣೆ ಬೇಡ, ಆ ಮಂಚ ಬೇಡ ಅನಿಸ್ತು. ಕೊನೆಗೆ ಮೈಕಿನಲ್ಲಿ ನನ್ನ ಹೆಸರು ಕರೆದ್ರು.”

“ಮತ್ತೆ ಯಾಕೆ ಬಂದ್ರಿ?”

“ಅವರಿಗೆ ಮಗ್ಗುಲು ಬದಲಿಸ್ಲಿಕ್ಕೆ ಹೊತ್ತಾಗಿತ್ತು.”

ನಾನೊಬ್ಬಳೇ ಸಿಕ್ಕಿಹಾಕಿಕೊಂಡವಳೆಂದು ನಾನು ಎಣಿಸಿದ್ದೆ. ಬಾಗಿಲು ತೆರೆದಿದ್ದಾಗಲೂ ಒಳಗೆ ಬಂದು ಕೂತವರೊಬ್ಬರು ಕೆಳಗಿನ ಮನೆಯಲ್ಲೇ ಇದ್ದರು.

ತೋಟದ ಜಗಳವೇನೂ ಮುಗಿಯಲಿಲ್ಲ. ಏಸಿ ಅಣ್ಣ ಟೊಮೇಟೊಗೆ ಬಲೆ ಕಟ್ಟಿದರು, ಬೆಕ್ಕಿಗೆ ಚಪ್ಪಲಿ ಎಸೆದರು, ಇಲಿಯ ವಿಷಯದಲ್ಲಿ ಬಾಯಮ್ಮನಿಗೆ ಬೈದರು. ಆದರೆ ಶುಕ್ರವಾರ ಸಂಜೆ ಪೊರ್ಬುಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮುಂಗುಸಿ ಕಂಡರೆ, “ನೋಡಿ ಪೊರ್ಬುಗಳೇ, ನಿಮ್ಮ ದೋಸ್ತಿ ಬಂದ” ಎನ್ನುತ್ತಿದ್ದರು.

ಪೊರ್ಬುಗಳು ಒಂದು ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದರು. ಅವರನ್ನು ಸಲ್ಮಾಬಾದಿನ ಸ್ಮಶಾನದ ಮಣ್ಣಿಗೆ ಕೊಟ್ಟು ಬಂದೆವು. ಇನ್ನಾದರೂ ಬಾಯಮ್ಮ ಹಗುರಾಗುತ್ತಾರೆಂದು ಎಣಿಸಿದರೆ, ಅವರು ಹೊತ್ತುಹೊತ್ತಿಗೆ ಖಾಲಿ ಮಂಚದ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಕ್ಲಿನಿಕ್ಕಿನ ಕೆಲಸ ಮುಗಿದು ವೀಸಾ ತೀರುವವರೆಗೂ ಊರಿನ ಮಾತೆತ್ತಲಿಲ್ಲ. ಹೋಗುವ ದಿನ ನನ್ನ ಕೆನ್ನೆ ಹಿಡಿದು, “ಕೆಳಗೆ ಇಳಿಯುದನ್ನು ಬಿಡ್ಬೇಡ” ಎಂದರು, ಅಷ್ಟೇ.

ಕಳೆದ ವರ್ಷ ಅವರೂ ತೀರಿಕೊಂಡರು. ಮಗಳ ಪರೀಕ್ಷೆ, ಗಂಡನಿಗೆ ರಜೆಯಿಲ್ಲ ಎಂದು ನನಗೆ ಹೋಗಲಾಗಲಿಲ್ಲ. ಅಂತ್ಯಕ್ರಿಯೆಯನ್ನು ಇಗರ್ಜಿಯವರು ಫೋನಿನಲ್ಲಿ ನೇರವಾಗಿ ತೋರಿಸಿದರು. ನಾನೂ ಏಸಿ ಅಣ್ಣನೂ ಹಿತ್ತಲಲ್ಲಿ ಕೂತು ನೋಡಿದೆವು. ಪಾದ್ರಿಗಳು ಕೊಂಕಣಿಯಲ್ಲಿ ಅವರ ತಂದೆ ತಾಯಿಯ ಬಗ್ಗೆ, ಓದಿದ ಶಾಲೆಯ ಬಗ್ಗೆ, ಹಾಡುತ್ತಿದ್ದ ಗಾಯನ ಮಂಡಳಿಯ ಬಗ್ಗೆ ಹೇಳಿದರು. ನಡುವೆ ಒಂದು ವಾಕ್ಯ: ಹಲವು ವರ್ಷ ಬಹ್ರೈನಿನಲ್ಲಿ ನರ್ಸ್ ಆಗಿದ್ದರು.

ಏಸಿ ಅಣ್ಣನಿಗೆ ಕೊಂಕಣಿ ಅಷ್ಟಕ್ಕಷ್ಟೆ. “ಇಲ್ಲಿನದ್ದು ಏನು ಹೇಳಿದ್ರು?” ಎಂದು ಕೇಳಿದರು. ಹೇಳಿದೆ.

“ಅಷ್ಟೇಯಾ?” ಎಂದರು, ಕಣ್ಣು ಒರೆಸಿಕೊಂಡು.

ಅಷ್ಟೇ ಅಲ್ಲ ಎಂದು ಹೇಳಬಲ್ಲವರು ಈಗ ನಾವಿಬ್ಬರೇ. ಏಸಿ ಅಣ್ಣನಿಗೆ ಬರೆದು ಅಭ್ಯಾಸವಿಲ್ಲ, ಅದಕ್ಕೆ ನಾನು ಬರೆದೆ.