ಅಮೆರಿಕನ್ ಮೇಷ್ಟ್ರ ಸುತ್ತಿಗೆ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನನಗೆ ಕುಂಬಾರಿಕೆ ಕಲಿಸಿದ ಅಮೆರಿಕನ್ ಮೇಷ್ಟ್ರನ್ನು ಕಂಡರೆ ಮೊದಲ ದಿನದಿಂದಲೂ ನನಗೆ ಆಗುತ್ತಿರಲಿಲ್ಲ. ಮೇಷ್ಟ್ರು ಎನ್ನುವುದು ಬರೀ ಬಾಯಭ್ಯಾಸ, ಗೌರವಕ್ಕಲ್ಲ. ಕೆಲಸದಲ್ಲಿ ಗಟ್ಟಿಗ, ಸುಳ್ಳು ಹೇಳಬಾರದು. ಚಕ್ರದ ಮೇಲೆ ಅವನು ಹೆಬ್ಬೆರಳು ಊರಿದರೆ ಮಣ್ಣು ತಾನಾಗಿ ಮೇಲೇಳುತ್ತಿತ್ತು. ಅವನ ಮಂಕು ಹಸಿರಿನ ಹೂದಾನಿಗಳನ್ನು ಕೊಳ್ಳಲು ಸಿಂಗಪುರದಿಂದ ಜನ ಬರುತ್ತಿದ್ದರು. ಆದರೆ ಬಾಯಿ ಬಿಟ್ಟರೆ ಅವನ ಅಜ್ಜ, ಅಮೆರಿಕದಲ್ಲಿದ್ದ ಅಜ್ಜನ ಕಾರ್ಖಾನೆ, ಆ ಕಾರ್ಖಾನೆಯ ಮುದ್ರೆ. ನಾವು ಮಾಡಿದ ಪಾತ್ರೆಗಳ ಬುಡಕ್ಕೂ ಅದನ್ನೇ ಒತ್ತುತ್ತಿದ್ದ. ಇಷ್ಟು ವರ್ಷ ಮಲೇಷ್ಯಾದ ಅನ್ನ ತಿಂದು ಕಲಿತದ್ದು ಇಲ್ಲಿನವರು ಮಾತಿನ ಕೊನೆಗೆ ಅಂಟಿಸುವ 'ಲಾ' ಒಂದೇ. ಅದನ್ನೂ ಸಲ್ಲದ ಜಾಗದಲ್ಲಿ ತುರುಕುತ್ತಿದ್ದ.

ಅಜ್ಜನ ಕಾಲದ ನಿಯಮವೊಂದನ್ನು ಅವನು ಇಲ್ಲಿಯೂ ನಡೆಸುತ್ತಿದ್ದ. ಮಡಕೆ ಸುಡುವ ಗೂಡಿನಿಂದ ಹೊರಬಂದ ಪಾತ್ರೆಯಲ್ಲಿ ಕೊರತೆಯಿದ್ದರೆ ಮಾಡಿದವರೇ ಅದನ್ನು ಸುತ್ತಿಗೆಯಿಂದ ಒಡೆಯಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಅಪ್ಪ ನೆಟ್ಟ ಆಲದಮರಕ್ಕೆ ನೇಣು ಹಾಕಿಕೊಳ್ಳುವವರು ನಮ್ಮಲ್ಲಷ್ಟೇ ಅಲ್ಲ, ಅಲ್ಲಿಯೂ ಇದ್ದಾರೆ.

ನಾನು ಮಾಡಿದ್ದು ಉಪ್ಪಿನಕಾಯಿ ಜಾಡಿ. ಪುಚೊಂಗ್‌ನ ಮನೆಯಲ್ಲಿ ನಮ್ಮ ಜೊತೆಗೇ ಇದ್ದ ಅಪ್ಪ, ಪ್ಲಾಸ್ಟಿಕ್ ಡಬ್ಬಿಯ ಉಪ್ಪಿನಕಾಯಿಯನ್ನು ಕೊನೆಯವರೆಗೂ ಬೈದುಕೊಂಡೇ ತಿಂದವರು. ಅವರು ಹೋದ ಮೇಲೆ ಹಟಕ್ಕೆ ಬಿದ್ದೆ. ಕುಸಿದು ಕುಸಿದು ಕೊನೆಗೊಂದು ನಿಂತಿತು. ಅದನ್ನು ಮನೆಗೆ ತರಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಗೂಡು ತೆರೆದಾಗ ಜಾಡಿಯ ಹಸಿರು ಮೆರುಗು ಒಂದು ಪಕ್ಕ ಜಾರಿ ಬುಡದಲ್ಲಿ ಗಂಟುಕಟ್ಟಿತ್ತು. ನನ್ನ ಕಣ್ಣಿಗೆ ಚೆನ್ನಾಗಿಯೇ ಇತ್ತು. ಅವನು ಸುತ್ತಿಗೆ ಚಾಚಿದ.

"ನಾನು ಒಡೆಯೋದಿಲ್ಲ" ಎಂದೆ. ಚಿತಾಗಾರದಲ್ಲಿ ಅಪ್ಪನ ಸುತ್ತ ನೀರಿನ ಗಡಿಗೆ ಹೊತ್ತು ಬಂದು, ಬೆನ್ನ ಹಿಂದೆ ಬೀಳಿಸಿ ಒಡೆದವಳು ಒಬ್ಬಳೇ ಮಗಳಾದ ನಾನು. ನಮ್ಮ ಮನೆಯಲ್ಲಿ ಬೇಕೆಂದೇ ಮಡಕೆ ಒಡೆಯುವುದು ಆಗ ಮಾತ್ರ. ಇಷ್ಟನ್ನೂ ಅವನಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ.

"ಬರೀ ಮಣ್ಣು ಲಾ" ಎಂದ. "ನನ್ನ ಮುದ್ರೆ ಹೊತ್ತು ಇದು ಆಚೆ ಹೋಗೋ ಹಾಗಿಲ್ಲ."

ಮುದ್ರೆಯನ್ನು ಉಜ್ಜಿ ತೆಗೆಯುತ್ತೇನೆ ಎಂದೆ. ಗೋಗರೆದೆ ಕೂಡ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನು ಜಾಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮೇಜಿನ ಮೇಲಿಟ್ಟು ಒಂದೇ ಏಟಿಗೆ ಒಡೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

"ಮುಂದಿನ ವಾರ ಇದಕ್ಕಿಂತ ಒಳ್ಳೇದು ಮಾಡ್ತೀಯ" ಎನ್ನುತ್ತ ಬೆನ್ನು ತಟ್ಟಲು ಬಂದ. ಸರಿದು ನಿಂತೆ. ಚೂರುಗಳನ್ನು ಹೆಕ್ಕಿಕೊಳ್ಳಲೂ ಮನಸ್ಸಾಗಲಿಲ್ಲ. ಚೀಲ ಎತ್ತಿಕೊಂಡು ರೈಲು ಹತ್ತಿದೆ.

ಮನೆಗೆ ಬಂದವಳು ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ತಾತ ಹೋದ ದಿನ ನಾನು ಹೀಗೇ ಸ್ನಾನ ಮಾಡಿದ್ದನ್ನು ಕಂಡಿದ್ದ ಮಗಳು ಗಾಬರಿಯಿಂದ ಬಾಗಿಲು ಬಡಿದಳು.

"ಅಮ್ಮಾ, ಹೂ ಡೈಡ್?"

"ನಮ್ಮ ಮೇಷ್ಟ್ರು ಕಣೇ" ಎಂದೆ.