ಅವ್ವ ಕೇಳಿಸಿಕೊಂಡ ತಮಟೆ

ವಿರೂಪಾಕ್ಷಿಪುರದ ಬಳಿಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಒಂಬತ್ತನೆಯ ತರಗತಿಯ ಮಕ್ಕಳು ಆಫ್ರಿಕಾದ ಘಾನಾ ದೇಶದ ಗೆಣಸಿನ ಸುಗ್ಗಿಯ ಬಗ್ಗೆ ನಾಟಕ ಕಟ್ಟಿದ್ದರು. ಕುಣಿತ, ಬಡಿತ ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ಕಲಿತರು. ಅಲ್ಲಿಯ ಡೋಲು ನಮಗೆಲ್ಲಿ ಸಿಗಬೇಕು? ಊರೊಳಗಿಂದ ಎರಡು ತಮಟೆ ಕೇಳಿ ತಂದೆವು.

ಸಂಜೆ ಆಟದ ಬಯಲಿನಲ್ಲಿ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿ ಹೊಡೆಯತೊಡಗಿದರು. ನಿಧಾನಕ್ಕೆ ಮೂರು ಪೆಟ್ಟು, ಬಿಡುವು, ಮತ್ತೆ ಮೂರು. ಹಾಗೆಂದು ನನ್ನ ನೆನಪು. ನಮ್ಮ ಕಡೆ ಹಬ್ಬಕ್ಕೊಂದು ಬಡಿತ, ಸಾವಿಗೊಂದು ಬಡಿತ. ಸಾವಿನದು ಕೇಳಿದರೆ ಹೊಲದಲ್ಲಿದ್ದವರೂ ಕೆಲಸ ಬಿಟ್ಟು ಊರ ಕಡೆ ತಿರುಗುತ್ತಾರೆ. ಮಕ್ಕಳ ಬಡಿತ ಅದನ್ನೇ ಹೋಲುತ್ತಿದೆಯೆಂದು ನನಗೆ ಹೊಳೆಯಲಿಲ್ಲ.

ನಮ್ಮ ಪಕ್ಕದ ಮನೆಯ ಹಿರಿಯರು ಗೇಟಿನ ಹತ್ತಿರ ಏದುಸಿರು ಬಿಡುತ್ತ ನಿಂತರು.

"ಇದೇನ್ ಮೇಷ್ಟ್ರೇ, ನೀವಿಲ್ಲೇ ಇದ್ದೀರಿ!"

"ಯಾಕಣ್ಣ, ಏನಾಯ್ತು?"

"ತಮ್ಟೆ ಕೇಳುಸ್ತಲ್ಲ. ನಿಮ್ಮವ್ವಂಗೇ ಅನ್ಕಂಡು ಹೆಂಗುಸ್ರೆಲ್ಲ ನಿಮ್ಮನೆ ತಾಕೆ ಹೋದ್ರು."

ಅವ್ವ ಮೈಸೂರಿನ ಆಸ್ಪತ್ರೆಯಿಂದ ಬಂದು ವಾರವಾಗಿತ್ತು. ಹೃದಯ ಸೋತಿದೆ, ಗಾಬರಿಯಾಗದಂತೆ ನೋಡಿಕೊಳ್ಳಿ ಎಂದಿದ್ದರು. ಹೆಂಡತಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಶಬ್ದ ಕೇಳಿ ಯಾರೂ ಸಾಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಓಡಿದೆ. ನಂಬಿದ್ದರೆ ಓಡುತ್ತಿರಲಿಲ್ಲ.

ಜಗಲಿಯ ತುಂಬ ಹೆಂಗಸರು. ಒಳಗೆ ಅವ್ವ ಮಂಚದ ಮೇಲೆ ಎದ್ದು ಕೂತಿದ್ದಳು.

"ನಾನಿನ್ನೂ ಇಲ್ಲೇ ಇವ್ನಲ್ಲೋ ಮಗ, ಆಗ್ಲೇ ಯಾಕ್ಲಾ ಹೊಡುಸ್ತಿದ್ದೀಯ?"

ಅತ್ತೆ ನಗುತ್ತಲೇ ಕೇಳಿದರು ಎನ್ನುತ್ತಾಳೆ ಹೆಂಡತಿ. ನನಗೆ ನೆನಪಿರುವುದು ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳು ಮಾತ್ರ.

"ಸುಗ್ಗಿ ಕುಣಿತ ಕಣವ್ವ, ಆಫ್ರಿಕಾದ್ದು. ಮಕ್ಕಳ ನಾಟಕ."

"ಸುಗ್ಗಿಗೆ ಇಂಗ್ ಹೊಡೀತಾರಾ? ಒಸಿ ನೋಡ್ಬೇಕಲ್ಲ."

ಮರುದಿನ ಬಡಿತ ಬದಲಿಸಿ ಎಂದು ಮಕ್ಕಳಿಗೆ ಹೇಳಿದೆ. ತಮಟೆ ಹಿಡಿದಿದ್ದ ಹುಡುಗಿ ತಲೆ ಎತ್ತಿದಳು. "ಬದಲಾಯ್ಸಿದ್ರೆ ಅದು ಅವ್ರ ಸುಗ್ಗಿ ಆಗಲ್ವಲ್ಲ ಸಾರ್." ಬಡಿತ ಹಾಗೇ ಉಳಿಯಿತು.

ವಾರ್ಷಿಕೋತ್ಸವದ ದಿನ ಅವ್ವ ಹಟ ಮಾಡಿ ಬಂದಳು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು, ಪಕ್ಕದಲ್ಲಿ ನಾನು. ಮಕ್ಕಳು ಹೇಗೆ ಕುಣಿದರೋ ಹೇಳಲಾರೆ. ಅವಳ ಎದೆಯ ಮೇಲಿನ ಸೆರಗು ಏರಿಳಿಯುತ್ತಿದೆಯೇ ಎಂಬುದನ್ನಷ್ಟೇ ನೋಡುತ್ತಿದ್ದೆ.

ಈಚೆಗೆ ಆ ದಿನದ ವಿಡಿಯೋ ನೋಡಿದೆ. ಬಡಿತ ಚುರುಕಾಗಿದೆ, ಸಾವಿನದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮಕ್ಕಳು ವೇಗ ಹೆಚ್ಚಿಸಿದ್ದರೋ, ಅಥವಾ ಮೊದಲ ದಿನ ಊರಿಗೆ ಊರೇ ತಪ್ಪಾಗಿ ಕೇಳಿಸಿಕೊಂಡಿತ್ತೋ? ವಿಡಿಯೋದ ಮೂಲೆಯಲ್ಲಿ ನಾವಿಬ್ಬರೂ ಇದ್ದೇವೆ. ಒಮ್ಮೆ ಅವ್ವ ಕಣ್ಣು ಮುಚ್ಚುತ್ತಾಳೆ. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೇನೆ. ಅವಳು ಕಣ್ಣು ತೆರೆದು ಚಪ್ಪಾಳೆ ತಟ್ಟಿದ ಮೇಲೆ ಮತ್ತೆ ಕೂತಿದ್ದೇನೆ.

ಹಾಗೆ ಎದ್ದದ್ದು ನನಗೆ ನೆನಪೇ ಇಲ್ಲ.