ನಲವತ್ತೇಳರ ಹಾಜರಿ

ಬಿಲ್ಲೆ ನಂಬರ್ ನಲವತ್ತೇಳಕ್ಕೆ ಒಂದು ದಿನದ ಹಾಜರಿ ಇನ್ನೂ ಬಾಕಿ ಇದೆ. ಬಟ್ಟೆ ಗಿರಣಿ ಮುಚ್ಚಿ ಹದಿನೆಂಟು ವರ್ಷವಾದರೂ ಬಾಕಿ ತೀರಿಲ್ಲ. ತೀರಿಸಬೇಕಾದವಳು ಗೇಟಿನ ಪಕ್ಕದ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತು ಹಾಜರಿ ಪುಸ್ತಕ ಬರೆದ ಹೆಂಗಸು. ಎಲ್ಲರ ಬಾಯಲ್ಲೂ ಅವಳು ಹಾಜರಿ ಅಕ್ಕ.

ಗಿರಣಿಯ ಪದ್ಧತಿ ಸರಳ. ಗೇಟಿನ ಬಳಿ ಮೊಳೆ ಹೊಡೆದ ಹಲಗೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವಾಗ ನಿನ್ನ ನಂಬರಿನ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೋ, ಹೊರಗೆ ಬರುವಾಗ ಮತ್ತೆ ನೇತುಹಾಕು. ಮೊಳೆ ಖಾಲಿಯಿದ್ದರೆ ಆಳು ಒಳಗಿದ್ದಾನೆ. ಬಿಲ್ಲೆ ನೇತಾಡುತ್ತಿದ್ದರೆ ಗೈರು.

ಕೆಲಸ ಹೋಯಿತೆಂದು ಕೈಕಟ್ಟಿ ಕೂರುವ ಜಾಯಮಾನ ಅಕ್ಕನದಲ್ಲ. ಹಳೇ ಕಂಪ್ಯೂಟರೊಂದನ್ನು ತಂದು, ಲೈಬ್ರರಿಯ ಪುಸ್ತಕ ನೋಡಿ, ತಪ್ಪಿ, ತನ್ನನ್ನೇ ಬೈದುಕೊಂಡು, ಗಿರಣಿಯವರಿಗಾಗಿ ಒಂದು ವೆಬ್‌ಸೈಟ್ ಕಟ್ಟಿದಳು. ಒಬ್ಬೊಬ್ಬರಿಗೆ ಒಂದೊಂದು ಪುಟ: ನಂಬರು, ದುಡಿದ ಖಾತೆ, ಸಿಕ್ಕರೆ ಒಂದು ಫೋಟೊ.

"ಗಿರಣಿ ಗುಜರಿಗೆ ಹೋಯ್ತು, ನೀನಿನ್ನೂ ಹಾಜರಿ ಕೂಗ್ತಿದೀಯ. ಸತ್ತವರಿಗಾದ್ರೂ ರಜೆ ಕೊಡೇ" ಎಂದು ಗಂಡ ರೇಗಿಸಿದ.

"ನಿಮಗೆ ಕೊಟ್ಟಿದೀನಲ್ಲ, ಸುಮ್ನೆ ಪೇಪರ್ ಓದಿ."

ನಲವತ್ತಾರರ ನಂತರ ನಲವತ್ತೆಂಟರ ಪುಟವಿತ್ತು. ನಡುವಿನದು ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಕೇಳಲು ಜಾಗವೇ ಇರಲಿಲ್ಲ.

ಆ ಜಾಗ ಮಾಡಿಕೊಟ್ಟವಳೂ ಅವಳೇ. ಸಿಕ್ಕಸಿಕ್ಕವರೆಲ್ಲ "ನಾವೂ ಎರಡು ಮಾತು ಬರೀತೀವಿ ಅಕ್ಕಾ" ಎಂದು ದುಂಬಾಲು ಬಿದ್ದರು. ಹದಿನೈದು ದಿನ ತಿಣುಕಿ ಪ್ರತಿ ಪುಟದ ಕೆಳಗೆ ಕಮೆಂಟ್ ಪೆಟ್ಟಿಗೆ ಇಟ್ಟಳು. ಬೋಳುತಲೆಗೆ ಕೂದಲು ಬೆಳೆಸುವವರ ಜಾಹೀರಾತಿನ ಕಸ ಬಂದು ಬೀಳದಂತೆ ಒಂದು ಕಾವಲು ಹಾಕಿದಳು: ಫೋನ್ ನಂಬರ್ ಜೊತೆಗೆ ಬಿಲ್ಲೆ ನಂಬರ್ ಕೊಟ್ಟರೆ ಮಾತ್ರ ಪೆಟ್ಟಿಗೆ ತೆರೆಯಬೇಕು. ಬಿಲ್ಲೆ ನಂಬರುಗಳನ್ನು ಹಳೇ ಹಾಜರಿ ಪುಸ್ತಕದಿಂದ ಸಾಲಾಗಿ ಇಳಿಸಿದಳು. ಕೈ ಅಭ್ಯಾಸಬಲದಿಂದ ಓಡಿತು, ನಲವತ್ತೇಳೂ ಇಳಿಯಿತು.

ಮೊದಲ ವಾರ ಗಲಾಟೆಯೋ ಗಲಾಟೆ. "ಹನ್ನೆರಡನೇ ನಂಬರಿನವನು ನನ್ನ ಛತ್ರಿ ಇನ್ನೂ ವಾಪಸ್ ಕೊಟ್ಟಿಲ್ಲ" ಎಂದು ಒಬ್ಬ ಬರೆದ. "ಅದರಲ್ಲಿ ಕಡ್ಡಿ ಬಿಟ್ರೆ ಬಟ್ಟೇನೇ ಇರ್ಲಿಲ್ಲ ಕಣೋ" ಎಂದಿತು ಹನ್ನೆರಡು. ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಎಂಟನೇ ದಿನ ಬೆಳಿಗ್ಗೆ ಏಳಕ್ಕೆ, ಹಿಂದೆ ಮೊದಲ ಪಾಳಿಯ ಸೈರನ್ ಕೂಗುತ್ತಿದ್ದ ಹೊತ್ತಿಗೆ ಸರಿಯಾಗಿ, ನಲವತ್ತಾರರ ಪುಟದ ಕೆಳಗೆ ಒಂದು ಸಾಲು ಬಂತು: "47. ನನ್ನ ಪುಟ ಎಲ್ಲಿ ಅಕ್ಕಾ?"

ಜೊತೆಗಿದ್ದ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಸಾಲನ್ನು ಅಳಿಸಿದಳು. ಮರುದಿನ ಏಳಕ್ಕೆ: "47. ಹಾಜರ್." ಫೋನ್ ನಂಬರಿನ ಜಾಗದಲ್ಲಿ ಬರೀ ಸೊನ್ನೆಗಳು. ಅಳಿಸಿದಳು. ಅದರ ಮರುದಿನ ಮತ್ತೆ ಅದೇ. ಏಳಾಗಲು ಐದು ನಿಮಿಷವಿರುವಾಗಲೇ ಅವಳು ಕಂಪ್ಯೂಟರ್ ಮುಂದೆ ಬಂದು ಕೂರತೊಡಗಿದಳು. ಲೋಟಕ್ಕೆ ಚಮಚ ತಾಗಿ ಟಿಣ್ ಎಂದರೆ ಸಾಕು, ಬೆಚ್ಚಿಬೀಳುವಳು. ಮೊಳೆಗೆ ಬಿಲ್ಲೆ ತಾಗಿದಾಗ ಆಗುತ್ತಿದ್ದದ್ದು ಅದೇ ಸದ್ದು.

ನಲವತ್ತೇಳು ಬಣ್ಣದ ಖಾತೆಯವನು. ಕುದಿಯುವ ಬಣ್ಣದ ತೊಟ್ಟಿಯ ಮೇಲಿನ ಕೊಳೆತ ಹಲಗೆ ಮುರಿದು ಒಳಗೆ ಬಿದ್ದು ಸತ್ತ. ಹಲಗೆ ಬದಲಿಸಿ ಎಂದು ಕಾರ್ಮಿಕ ಸಂಘ ಮೂರು ಸಲ ಬರೆದುಕೊಟ್ಟಿತ್ತು. ಅವನು ಸತ್ತ ಅರ್ಧ ಗಂಟೆಯೊಳಗೆ ಮ್ಯಾನೇಜರ್ ಅಕ್ಕನ ಕಿಟಕಿಗೆ ಬಂದ.

"ಅವನು ಇವತ್ತು ಡ್ಯೂಟಿಗೆ ಬಂದಿಲ್ಲ. ಕುಡಿದು ಹಿಂದಿನ ಗೋಡೆ ಹಾರಿ ಒಳಗೆ ಬಂದಿದಾನೆ. ಅರ್ಥ ಆಯ್ತಾ?"

ಅರ್ಥವಾಯಿತು. ಡ್ರಾಯರಿನಲ್ಲಿದ್ದ ಹೆಚ್ಚುವರಿ ಬಿಲ್ಲೆ ತೆಗೆದು ಆ ಖಾಲಿ ಮೊಳೆಗೆ ನೇತುಹಾಕಿದಳು. ಪುಸ್ತಕದಲ್ಲಿ ಗೈರು ಎಂದು ಬರೆದಳು. ಕೋರ್ಟಿನಲ್ಲೂ ಅದನ್ನೇ ಹೇಳಿದಳು. ಪರಿಹಾರ ಕೇಳಲು ಬಂದಿದ್ದ ಅವನ ಹೆಂಡತಿ ಬರಿಗೈಯಲ್ಲಿ ಮನೆಗೆ ಹೋದಳು. ಅಕ್ಕ ಹೆದರಿದ್ದಳು, ಮನೆಯಲ್ಲಿ ಎರಡು ಮಕ್ಕಳಿದ್ದವು, ಎಲ್ಲಾ ನಿಜ. ಹೆದರಿಕೆ ಎಲ್ಲರಿಗೂ ಇತ್ತು. ಪೆನ್ನು ಇದ್ದದ್ದು ಅವಳೊಬ್ಬಳ ಕೈಯಲ್ಲಿ.

ಹತ್ತು ದಿನ ತಡೆದು, ಚೀಟಿಯ ನಂಬರಿಗೆ ಫೋನ್ ಮಾಡಿದಳು. ಆಚೆಯಿಂದ ಹೊಲಿಗೆ ಯಂತ್ರದ ಸದ್ದು, ಅದರ ಮೇಲೊಂದು ಹೆಣ್ಣುದನಿ.

"ಯಾರು?"

"ಹಾಜರಿ ಅಕ್ಕ."

ಯಂತ್ರ ನಿಂತಿತು. "ನಲವತ್ತೇಳರ ಮಗಳು ನಾನು. ಅಪ್ಪನ ಬಿಲ್ಲೆ ನನ್ನ ಹತ್ರಾನೇ ಇದೆ, ಕೇಸು ಮುಗಿದ ಮೇಲೆ ಬಣ್ಣ ಮೆತ್ತಿದ ಅಂಗಿ ಜೇಬಲ್ಲಿ ಸಿಕ್ತು. ಗೇಟಿನ ಹಲಗೆ ಮೇಲೂ ಒಂದಿತ್ತಂತಲ್ಲ, ಅದನ್ನ ಯಾರು ಹಾಕಿದ್ದು?"

ಅಕ್ಕ ಕೇಳಿದ್ದು ಬೇರೆಯೇ: "ಅದಕ್ಕೆ ದಿನಾ ಹಾಜರ್ ಅಂತ ಬರೀತಿದೀಯೇನಮ್ಮ?"

"ದಿನಾನಾ? ಅಪ್ಪನ ಪರವಾಗಿ ಒಂದೇ ಸಲ ಬರೆದಿದ್ದು, ಪುಟ ಎಲ್ಲಿ ಅಂತ. ದಿನಾ ಬರೀತಾ ಕೂತ್ರೆ ನನ್ನ ಹೊಲಿಗೆ ಯಾರು ಹೊಲೀತಾರೆ?"

ಊಟ ಬಿಟ್ಟು ಕೂತು ಅಕ್ಕ ನಲವತ್ತೇಳರ ಪುಟ ಮಾಡಿದಳು. ಕೆಳಗಿನ ಪೆಟ್ಟಿಗೆಯಲ್ಲಿ ತನ್ನ ಹೆಸರು ಹಾಕಿ ಬರೆದಳು: "ಅವನು ಬಂದಿದ್ದ. ಗೈರು ಅಂತ ಬರೆದವಳು ನಾನು. ಎರಡನೇ ಬಿಲ್ಲೆ ಹಾಕಿದವಳೂ ನಾನೇ."

ಗಂಡ ಹಿಂದೆ ನಿಂತು ಓದಿದ. "ಈ ವಯಸ್ಸಲ್ಲಿ ಕೋರ್ಟು ಕಚೇರಿ ಬೇಕೇನೇ ನಿನಗೆ?"

"ಒಂದ್ಸಲ ಹೋಗಿ ಸುಳ್ಳು ಹೇಳಿ ಬಂದಿದೀನಲ್ಲ, ದಾರಿ ಗೊತ್ತು."

ಮರುದಿನ ಏಳಕ್ಕೆ ಮತ್ತೆ ಬಂತು: "47. ಹಾಜರ್." ಈ ಸಲ ಅವಳು ಅಳಿಸಲಿಲ್ಲ. ಅಂದಿನಿಂದ ದಿನವೂ ಬರುತ್ತಿದೆ. ಬರೆಯುವವರು ಯಾರೆಂದು ಅವಳಿಗೂ ತಿಳಿಯದು, ಮಗಳಿಗೂ ತಿಳಿಯದು.

ಅಕ್ಕನೊಬ್ಬಳ ಮಾತು ಸಾಲದು. ಒಮ್ಮೆ ಸುಳ್ಳು ಹೇಳಿದ ಬಾಯಿ ಅದು. ಆ ಪಾಳಿಯಲ್ಲಿ ಬಣ್ಣದ ಖಾತೆಯೊಳಗೆ ನೀವು ಇಪ್ಪತ್ತೊಂಬತ್ತು ಜನ ಇದ್ದಿರಿ. ಅವನನ್ನು ತೊಟ್ಟಿಯಿಂದ ಎತ್ತಿದ ಕೈಗಳು ನಿಮ್ಮವು. ಪೆಟ್ಟಿಗೆ ತೆರೆದಿದೆ. ನಿಮ್ಮ ಬಿಲ್ಲೆ ನಂಬರ್ ಹಾಕಿ, ಅವತ್ತು ಕಂಡದ್ದನ್ನು ಬರೆಯಿರಿ.